ಪಕ್ಕದ ಸೀಟಿನಲ್ಲಿ ಕೂತವನು

ಪುಣೆ-ಬೆಂಗಳೂರು ರಸ್ತೆಯ ಮೇಲಿರುವ ನಮ್ಮೂರಿನಲ್ಲಿ ಅಪ್ಪನದೊಂದು ಲಾರಿ ರಿಪೇರಿಯ ಗ್ಯಾರೇಜು ಇತ್ತು. ಕಾರ್ಖಾನೆಯಿಂದ ಹೊರಟ ಹೊಸ ಲಾರಿಗಳು ಆಗೆಲ್ಲ ಬೋಳಾಗಿಯೇ ಬರುತ್ತಿದ್ದವು. ಎಂಜಿನ್ನು, ಚಾಸಿ, ಚಕ್ರಗಳು, ಸ್ಟೀರಿಂಗ್ ಹಿಂದೆ ಕೂರಲೊಂದು ಹಲಗೆ, ಅಷ್ಟೇ. ತಲೆಗೆ ಟವೆಲ್ ಬಿಗಿದು ಬಿಸಿಲು ಗಾಳಿಗೆ ಮೈಯೊಡ್ಡಿ ಕೂತ ಡ್ರೈವರನನ್ನು ನೋಡಿದರೆ ಎಲುಬಿನ ಗೂಡೊಂದು ಮನುಷ್ಯನನ್ನು ಹೊತ್ತು ಓಡುತ್ತಿದೆ ಅನ್ನಿಸುತ್ತಿತ್ತು. ಆಮೇಲೆ ಬಾಡಿ ಕಟ್ಟುವವರು ಅದಕ್ಕೆ ಕ್ಯಾಬಿನ್ ಕೂರಿಸಿ, ಹಲಗೆ ಬಡಿದು, ಹೂಬಳ್ಳಿ ಬರೆದು ಲಾರಿ ಮಾಡುತ್ತಿದ್ದರು. ಗಾಡಿಯ ಹೊರಗಿನ ಅಂದ ನೋಡಿದಾಗಲೆಲ್ಲ ಒಳಗೇನಿದೆ ಎಂದು ಕೇಳುವ ಚಾಳಿ ನನಗೆ ಅಂಟಿಕೊಂಡದ್ದು ಅಲ್ಲಿಂದ. ‘ಡಸ್ಟ್ ಟು ಗ್ಲೋರಿ’ ಎಂಬ ಅಮೆರಿಕದ ಸಾಕ್ಷ್ಯಚಿತ್ರವನ್ನು ಎರಡು ಸಲ ನೋಡಿದ ಮೇಲೂ ನನ್ನಲ್ಲಿ ಉಳಿದದ್ದು ಅದೇ ಪ್ರಶ್ನೆ.

ಡೇನಾ ಬ್ರೌನ್ ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 2005ರಲ್ಲಿ. 2003ರ ‘ಬಾಹಾ 1000’ ರೇಸು ಇದರ ವಸ್ತು. ಕ್ಯಾಲಿಫೋರ್ನಿಯಾದ ಕೆಳಗೆ, ಮೆಕ್ಸಿಕೋ ದೇಶಕ್ಕೆ ಸೇರಿದ ಉದ್ದನೆಯ ಪರ್ಯಾಯ ದ್ವೀಪವೊಂದಿದೆ. ಅದರ ಹೆಸರು ಬಾಹಾ. ಕಲ್ಲು, ಮರಳು, ಕಳ್ಳಿ, ಎರಡೂ ಬದಿಗೆ ಸಮುದ್ರ. ಮೋಟರ್‌ಸೈಕಲ್ಲು, ಜೀಪು, ಪಿಕಪ್ ಲಾರಿ, ಹಳೆಯ ಫೋಕ್ಸ್‌ವ್ಯಾಗನ್ ಕಾರು ಎಲ್ಲವೂ ಆ ನೆಲದಲ್ಲಿ ಹಗಲು ರಾತ್ರಿ ಎನ್ನದೆ ನೂರಾರು ಮೈಲಿ ಓಡುತ್ತವೆ. ಈ ಹೆಸರು ನಮಗೆ ತೀರಾ ಅಪರಿಚಿತವೇನಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮೋಟರ್‌ಸೈಕಲ್ಲಿನ ಮೇಲೆ ಮಹಿಳಾ ವಿಭಾಗದ ಬಾಹಾ ವಿಶ್ವಕಪ್ ಗೆದ್ದದ್ದನ್ನು ನೀವೂ ಓದಿರುತ್ತೀರಿ. ಇಂಥ ಒರಟು ನೆಲದ ರೇಸುಗಳಿಗೆಲ್ಲ ಬಾಹಾ ಎಂಬ ಹೆಸರು ಅಂಟಿದ್ದು ಈ ಮೆಕ್ಸಿಕೋದ ನೆಲದಿಂದಲೇ.

ರೇಸಿನ ಹುಟ್ಟೂ ಸ್ವಾರಸ್ಯವಾಗಿದೆ. 1962ರಲ್ಲಿ ಇಬ್ಬರು ಹೋಂಡಾ ಮೋಟರ್‌ಸೈಕಲ್ ಹತ್ತಿ ಗಡಿಯ ಊರಾದ ತಿಹುವಾನಾದಿಂದ ದಕ್ಷಿಣದ ಲಾ ಪಾಸ್‌ವರೆಗೆ ಹೊರಟರು. ಅವರಲ್ಲಿ ಡೇವ್ ಎಕಿನ್ಸ್ ಆ ದಾರಿಯನ್ನು ಸುಮಾರು 40 ಗಂಟೆಗಳಲ್ಲಿ ಮುಗಿಸಿದ. ಹೊರಟದ್ದಕ್ಕೂ ತಲುಪಿದ್ದಕ್ಕೂ ಸಾಕ್ಷಿ ಎರಡೂ ಊರಿನ ತಂತಿ ಕಚೇರಿಯ ಮೊಹರು. 1967ರಲ್ಲಿ ಮೊದಲ ಸಲ ಅದೊಂದು ರೇಸಾಯಿತು. ಗೆದ್ದದ್ದು ಮೇಯರ್ಸ್ ಮ್ಯಾಂಕ್ಸ್ ಎಂಬ ಗಾಡಿ. ಫೋಕ್ಸ್‌ವ್ಯಾಗನ್ ಕಾರಿನ ತಳವನ್ನು ಇಟ್ಟುಕೊಂಡು, ಮೇಲಿನದ್ದನ್ನು ಕಿತ್ತೊಗೆದು, ಫೈಬರ್‌ಗ್ಲಾಸಿನ ಹಗುರ ಮೈ ಕೂರಿಸಿ ಮಾಡಿದ ಗಾಡಿ ಅದು. ಅಂದರೆ ಬಾಹಾದ ಮೊದಲ ಗೆಲುವೇ ಬಿಚ್ಚಿ ಕಟ್ಟಿದವರ ಗೆಲುವು. ಈ ಮಾತನ್ನು ನೆನಪಿಟ್ಟುಕೊಂಡು ಚಿತ್ರಕ್ಕೆ ಬರೋಣ.

ಚಿತ್ರ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಐವತ್ತಕ್ಕೂ ಹೆಚ್ಚು ಕ್ಯಾಮೆರಾಗಳು, ಮೇಲಿನಿಂದ ಹೆಲಿಕಾಪ್ಟರುಗಳು. ಬೆಟ್ಟದ ಅಂಚಿನಲ್ಲಿ ಬಾಲದಂತೆ ಏಳುವ ಧೂಳು, ರಾತ್ರಿಯ ಮರುಭೂಮಿಯಲ್ಲಿ ದೂರದಿಂದ ಬರುವ ಒಂದೇ ಒಂದು ಬೆಳಕು, ಇವು ಕಣ್ಣು ಮುಚ್ಚಿದರೂ ಹೋಗುವುದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ವೆದರ್‌ಮ್ಯಾನ್’ ಎಂದು ಕರೆಸಿಕೊಳ್ಳುವ ಬಾಬ್ ಸ್ಟೈನ್‌ಬರ್ಗರ್. ಬೆಟ್ಟದ ನೆತ್ತಿಯ ಮೇಲೆ ರೇಡಿಯೋ ಇಟ್ಟುಕೊಂಡು ಕೂತು, ಯಾರ ಗಾಡಿ ಎಲ್ಲಿ ಕೆಟ್ಟಿತು, ಯಾರಿಗೆ ಪೆಟ್ಟಾಯಿತು ಎಂಬ ಸುದ್ದಿಯನ್ನು ಇವರಿಂದ ಅವರಿಗೆ ಮುಟ್ಟಿಸುವವನು. ಅವನು ಸ್ಪರ್ಧಿಯಲ್ಲ, ಆದರೂ ಅವನ ದನಿ ಇಲ್ಲದಿದ್ದರೆ ಅಷ್ಟು ಜನ ಆ ಕತ್ತಲಲ್ಲಿ ಒಬ್ಬೊಬ್ಬರಾಗಿಬಿಡುತ್ತಾರೆ. ಕಾಣದೆ ದುಡಿಯುವವರನ್ನು ನೋಡುವ ಕಣ್ಣು ಈ ನಿರ್ದೇಶಕನಿಗಿದೆ ಎಂದು ನಾನು ನಂಬಿದ್ದು ಆ ಜಾಗದಲ್ಲಿ. ನನ್ನ ತಕರಾರು ಹುಟ್ಟುವುದೂ ಅದರಿಂದಲೇ.

ಚಿತ್ರದಲ್ಲಿ ಪಿಕಪ್ ಲಾರಿಗಳು ಸಿದ್ಧವಾಗಿಯೇ ಬಂದು ನಿಲ್ಲುತ್ತವೆ, ಮದುವಣಗಿತ್ತಿ ಮಂಟಪಕ್ಕೆ ಬಂದ ಹಾಗೆ. ಅದಕ್ಕೆ ಮುಂಚೆ ಗ್ಯಾರೇಜಿನಲ್ಲಿ ನಡೆದದ್ದಕ್ಕೆ ಚಿತ್ರ ಕೊಡುವ ಜಾಗ ತೀರಾ ಕಡಿಮೆ. ಏನು ನಡೆದಿರುತ್ತದೆ ಅಲ್ಲಿ? ಒಂದು ಸಾಧಾರಣ ಪಿಕಪ್ಪನ್ನು ಅಂಥ ದಾರಿಗೆ ಅಣಿ ಮಾಡುವುದೆಂದರೆ ದೊಡ್ಡ ಟೈರು ಹಾಕಿ ದೀಪ ಕಟ್ಟುವುದಲ್ಲ. ರವಿಕೆ ಬಿಚ್ಚಿ ಹೊಲಿದವರಿಗೆ ಗೊತ್ತು: ತೋಳು ಸಡಿಲಿಸಿದರೆ ಬಗಲು ಎಳೆಯುತ್ತದೆ, ಬಗಲು ಬಿಟ್ಟರೆ ಬೆನ್ನು ಕುಳಿತುಕೊಳ್ಳುವುದಿಲ್ಲ. ಇಲ್ಲೂ ಹಾಗೆಯೇ. ಕಲ್ಲು ದಾಟಲೆಂದು ದೊಡ್ಡ ಟೈರು ಹಾಕಿದಿರಿ ಎನ್ನಿ. ಚಕ್ರ ಒಂದು ಸುತ್ತು ತಿರುಗಿದರೆ ಈಗ ಮೊದಲಿಗಿಂತ ಹೆಚ್ಚು ನೆಲ ಸವೆಯುತ್ತದೆ. ಅದನ್ನು ತಿರುಗಿಸಲು ಎಂಜಿನ್ನಿಗೆ ಏದುಸಿರು. ಹಾಗಾಗಿ ಆಕ್ಸಲ್ಲಿನ ನಡುವಿನ ಹಲ್ಲುಚಕ್ರಗಳನ್ನೇ ಬದಲಿಸಬೇಕು. ಟೈರು ಭಾರವಾದ್ದರಿಂದ ಹಳೆಯ ಬ್ರೇಕು ಸಾಲದು. ಆಕ್ಸಲ್ ತಿರುಚಿಕೊಂಡು ಮುರಿಯುತ್ತದೆ, ಅದನ್ನು ದಪ್ಪ ಮಾಡಬೇಕು. ಟೈರು ಮೇಲೆದ್ದಾಗ ಬಾಡಿಗೆ ಉಜ್ಜುತ್ತದೆ, ಅದಕ್ಕೆ ಮಡ್‌ಗಾರ್ಡ್ ಕತ್ತರಿಸಬೇಕು. ಒಂದಕ್ಕೆ ಕೈ ಹಾಕಿದವರು ಹತ್ತಕ್ಕೆ ಕೈ ಹಾಕಲೇಬೇಕು.

ಲಾರಿಯ ಹಿಂಬದಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವು ಹೊರೆ ಹೊರಲು ಇರುವಂಥವು, ಹಾರಿ ಬೀಳಲು ಅಲ್ಲ. ಅವುಗಳ ಜಾಗಕ್ಕೆ ಸುರುಳಿ ಸ್ಪ್ರಿಂಗು, ಉದ್ದನೆಯ ಶಾಕ್ ಅಬ್ಸಾರ್ಬರ್ ಬರುತ್ತವೆ. ಗಂಟೆಗಟ್ಟಲೆ ಕುಟ್ಟಿಸಿಕೊಂಡ ಶಾಕಿನೊಳಗಿನ ಎಣ್ಣೆ ಕಾದು ನೊರೆಯೇಳುತ್ತದೆ. ನೊರೆ ಬಂದರೆ ಶಾಕು ಸತ್ತ ಹಾಗೆ. ಅದಕ್ಕೆಂದು ಪಕ್ಕದಲ್ಲೊಂದು ಪುಟ್ಟ ಕೊಳವೆಯಿಟ್ಟು, ಅದರಲ್ಲಿ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಎಣ್ಣೆಯನ್ನು ಅದುಮಿ ಹಿಡಿಯುತ್ತಾರೆ. ಪೆಟ್ರೋಲ್ ಟ್ಯಾಂಕಿನ ಬದಲು ಒಳಗೆ ಸ್ಪಂಜು ತುಂಬಿದ ರಬ್ಬರಿನ ಚೀಲ. ಗಾಡಿ ಮಗುಚಿದರೆ ಎಣ್ಣೆ ಚೆಲ್ಲಿ ಬೆಂಕಿ ಹತ್ತಬಾರದೆಂದು ಈ ಏರ್ಪಾಡು. ಧೂಳಿನಲ್ಲಿ ಉಸಿರಾಡಲು ಹೆಲ್ಮೆಟ್ಟಿಗೆ ಸೋಸಿದ ಗಾಳಿ ಊದುವ ಪಂಪು. ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಒಂದು ಗೆರೆ. ಗೆರೆ ಮುರಿದಿದ್ದರೆ ಬೋಲ್ಟು ಸಡಿಲವಾಗಿದೆ ಎಂದರ್ಥ. ಟಾರ್ಚು ಹಿಡಿದು ಬಗ್ಗಿದವನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಗಾಡಿಯ ಮೈತುಂಬ ಇಂಥ ಎಷ್ಟೋ ಗೆರೆಗಳು. ಐವತ್ತು ಕ್ಯಾಮೆರಾಗಳಲ್ಲಿ ಒಂದಾದರೂ ಆ ಗೆರೆಯ ಮೇಲೆ ಒಂದು ಗಳಿಗೆ ನಿಲ್ಲಬಾರದಿತ್ತೇ?

ಇನ್ನೊಂದು ಮಾತನ್ನೂ ಚಿತ್ರ ಬಿಡಿಸಿ ಹೇಳುವುದಿಲ್ಲ. 1994ರಿಂದ ಈ ರೇಸುಗಳಲ್ಲಿ ‘ಟ್ರೋಫಿ ಟ್ರಕ್’ ಎಂಬ ವರ್ಗವಿದೆ. ನೋಡಲು ಪಿಕಪ್ಪು. ಆದರೆ ಚಾಸಿಯೆಲ್ಲ ಉಕ್ಕಿನ ಕೊಳವೆಗಳನ್ನು ಬೆಸೆದು ಹೊಸದಾಗಿ ಕಟ್ಟಿದ್ದು. ಹಿಂದಿನ ಚಕ್ರ ಎರಡಡಿಗೂ ಮೀರಿ ಮೇಲೆ ಕೆಳಗೆ ಆಡುತ್ತದೆ. ಮೈ ಎಂದು ಕಾಣುವುದು ತೆಳುವಾದ ಫೈಬರ್‌ಗ್ಲಾಸಿನ ಹೊದಿಕೆ. ಹೆಡ್‌ಲೈಟ್ ಇರಬೇಕಾದ ಜಾಗದಲ್ಲಿ ಎಷ್ಟೋ ಸಲ ಹೆಡ್‌ಲೈಟಿನ ಚಿತ್ರ ಅಂಟಿಸಿರುತ್ತಾರೆ. ನಿಜವಾದ ದೀಪಗಳಿರುವುದು ನೆತ್ತಿಯ ಮೇಲೆ. ನಮ್ಮಲ್ಲಿ ಕಂಪನಿಯ ಚಾಸಿಗೆ ಊರಿನವರು ಮುಖ ಕಟ್ಟುತ್ತಿದ್ದರು. ಅಲ್ಲಿ ಊರಿನವರು ಕಟ್ಟಿದ ಚಾಸಿಗೆ ಕಂಪನಿಯ ಮುಖ. ಗೆದ್ದಾಗ ಜಾಹೀರಾತಿನಲ್ಲಿ ಹೆಸರು ಬರುವುದು ಮುಖದ್ದು. ಅದರಲ್ಲಿ ತಪ್ಪೇನು, ಎಲ್ಲ ಕಡೆ ನಡೆಯುವುದೇ ಎನ್ನಬಹುದು. ಆದರೆ ಮುಖದ ಹಿಂದೆ ಏನಿದೆ ಎಂದು ತೋರಿಸಬೇಕಾದದ್ದು ಸಾಕ್ಷ್ಯಚಿತ್ರದ ಕೆಲಸ ತಾನೇ?

ಈ ಜಾಗದಲ್ಲಿ ಚಿತ್ರ ಆರಿಸಿಕೊಂಡದ್ದು ಒಬ್ಬ ಒಂಟಿ ಸವಾರನ ಕಥೆಯನ್ನು. ಮೈಕ್ ‘ಮೌಸ್’ ಮೆಕಾಯ್ ಇಡೀ ರೇಸನ್ನು ಮೋಟರ್‌ಸೈಕಲ್ಲಿನ ಮೇಲೆ ಒಬ್ಬನೇ ಮುಗಿಸುತ್ತೇನೆಂದು ಹೊರಡುತ್ತಾನೆ. ಉಳಿದ ತಂಡಗಳಲ್ಲಿ ಸವಾರರು ಸರದಿಯ ಮೇಲೆ ಬದಲಾಗುತ್ತಾರೆ. ಕೊನೆಯ ಹೊತ್ತಿಗೆ ಅವನು ಬೀಳುತ್ತಾನೆ, ಎದ್ದು ಮತ್ತೆ ಹತ್ತುತ್ತಾನೆ. ನೋಡುವಾಗ ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಅವನ ಛಲ ದೊಡ್ಡದು. ಆದರೆ ‘ಒಬ್ಬನೇ’ ಎಂಬ ಮಾತನ್ನು ಚಿತ್ರ ಒತ್ತಿ ಒತ್ತಿ ಹೇಳಿದಷ್ಟೂ ನನ್ನ ಕಣ್ಣು ಅವನನ್ನು ಬಿಟ್ಟು ಅಕ್ಕಪಕ್ಕಕ್ಕೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಅವನಿಗೆ ಪೆಟ್ರೋಲ್ ತುಂಬಿದವರು ಯಾರು? ಅವನ ಗಾಡಿಯ ಬೋಲ್ಟು ಬಿಗಿದವರು ಯಾರು? ಈ ಮೌಸ್ ಚಿತ್ರದ ನಿರ್ಮಾಪಕರಲ್ಲೊಬ್ಬನೂ ಹೌದು ಎಂಬುದನ್ನು ಮರೆಯುವಂತಿಲ್ಲ. ನಿರ್ದೇಶಕನ ದನಿಯೇ ಕಥೆ ಹೇಳುತ್ತ ಹೋಗುತ್ತದೆ. ಚಿತ್ರ ತಾನೇ ಹೇಳುತ್ತಿದ್ದದ್ದನ್ನು ಕೆಲವು ಕಡೆ ಆ ದನಿ ಮತ್ತೊಮ್ಮೆ ಹೇಳಿ ಸವಕಲು ಮಾಡುತ್ತದೆ. ಚಿತ್ರದಲ್ಲಿ ಹೆಂಗಸರು ಎಷ್ಟು ಮಂದಿ ಎಂದು ನಾನು ಎಣಿಸಲು ಹೋಗಲಿಲ್ಲ. ಕಾಣದ ಕೆಲಸದ ಲೆಕ್ಕ ಮಾತ್ರ ನಮಗೆ ಬೇಗ ಕಾಣುತ್ತದೆ. ಅಡುಗೆ ಚೆನ್ನಾಗಿತ್ತು ಎಂಬ ಹೊಗಳಿಕೆ ಬಡಿಸಿದವರಿಗೆ ಹೋಗುವುದನ್ನು ನಾವು ಎಷ್ಟು ಸಲ ನೋಡಿಲ್ಲ!

ಬಾಹಾದ ಚರಿತ್ರೆಯಲ್ಲೇ ಇದಕ್ಕೆ ಬೇರೆ ಮಾದರಿಯೊಂದಿದೆ. 1971 ಮತ್ತು 1972ರಲ್ಲಿ ನಾಲ್ಕು ಚಕ್ರದ ಗಾಡಿಗಳಲ್ಲಿ ಮೊದಲು ಬಂದದ್ದು ‘ಬಿಗ್ ಓಲಿ’ ಎಂಬ ಫೋರ್ಡ್ ಬ್ರಾಂಕೋ. ಅದೂ ಹೆಸರಿಗಷ್ಟೇ ಬ್ರಾಂಕೋ. ಒಳಗೆ ಕೊಳವೆ ಬೆಸೆದ ಹೊಸ ಗೂಡು, ನೆತ್ತಿಯ ಮೇಲೊಂದು ರೆಕ್ಕೆ. ಓಡಿಸಿದವನು 1963ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದಿದ್ದ ಪಾರ್ನೆಲ್ಲಿ ಜೋನ್ಸ್. ಅವನ ಪಕ್ಕದ ಸೀಟಿನಲ್ಲಿ ಕೂತವನು ಬಿಲ್ ಸ್ಟ್ರೋಪ್. ಜೋನ್ಸ್ ಓಡಿಸುತ್ತಿದ್ದ ಬ್ರಾಂಕೋಗಳು ಸಿದ್ಧವಾಗುತ್ತಿದ್ದದ್ದು ಈ ಸ್ಟ್ರೋಪನ ಗ್ಯಾರೇಜಿನಲ್ಲಿ. ಗ್ಯಾರೇಜಿನ ಯಜಮಾನನೇ ಪ್ರಾಣ ಪಣಕ್ಕಿಟ್ಟು ಸ್ಪರ್ಧಿಯ ಪಕ್ಕದಲ್ಲಿ ಕೂರುವುದೆಂದರೆ ಏನು ಯೋಚಿಸಿ! ಪ್ರತಿ ಗುಂಡಿಯಲ್ಲೂ ತನ್ನ ಗ್ಯಾರೇಜಿನ ಬೆಸುಗೆ ನಿಲ್ಲುತ್ತದೋ ಇಲ್ಲವೋ ಎಂಬ ಪರೀಕ್ಷೆ ಅವನ ಸೊಂಟಕ್ಕೇ. ಅಂಥ ಜೋಡಿಯನ್ನು ಕಂಡ ರೇಸಿನ ಮೇಲೆ ಚಿತ್ರ ಮಾಡಿದವರು ಒಂಟಿತನವನ್ನೇ ಅದರ ತಿರುಳೆಂದು ಎತ್ತಿ ಹಿಡಿದದ್ದು ನನಗೆ ಒಗ್ಗಲಿಲ್ಲ.

ಗ್ಯಾರೇಜು ತೋರಿಸಿದರೆ ಯಾರು ನೋಡುತ್ತಾರೆ ಎಂದು ಕೇಳುವವರಿರಬಹುದು. ಉತ್ತರ ಈ ಚಿತ್ರದಲ್ಲೇ ಇದೆ. ಹೆಚ್ಚೇನೂ ಮಾರ್ಪಾಡು ಮಾಡಲು ಅವಕಾಶವಿಲ್ಲದ ಹಳೆಯ ಫೋಕ್ಸ್‌ವ್ಯಾಗನ್ ಕಾರುಗಳ ವರ್ಗವೊಂದು ಬಾಹಾದಲ್ಲಿದೆ. ದೊಡ್ಡ ಲಾರಿಗಳು ಹಾರಿ ಹೋದ ಮೇಲೆ ಅವು ಆಮೆಯಂತೆ ತೆವಳುತ್ತ ಬರುತ್ತವೆ. ಅವುಗಳನ್ನು ತೋರಿಸುವಾಗ ಚಿತ್ರಕ್ಕೆ ಅವಸರವಿಲ್ಲ, ಪ್ರೀತಿಯಿದೆ. ನೋಡುವ ನಮಗೂ ಬೇಸರವಾಗುವುದಿಲ್ಲ. ಗಾಡಿ ಯಾಕೆ ಕೆಡುತ್ತದೆ, ಹೇಗೆ ಎದ್ದು ಹೊರಡುತ್ತದೆ ಎಂಬುದು ಗೊತ್ತಾದರೆ ವೇಗಕ್ಕೂ ಒಂದು ಅರ್ಥ ಬರುತ್ತದೆ. ಗೊತ್ತಾಗದಿದ್ದರೆ ಅದು ಬರೀ ಧೂಳು.

ಅಪ್ಪನಿಗೊಂದು ಅಭ್ಯಾಸವಿತ್ತು. ದೊಡ್ಡ ರಿಪೇರಿ ಮಾಡಿದ ಲಾರಿ ಹೊರಟರೆ ಮೊದಲ ಹತ್ತು ಮೈಲಿ ತಾನೂ ಅದರಲ್ಲೇ ಕೂತು ಹೋಗುತ್ತಿದ್ದರು. “ಯಾಕ್ ಮೇಸ್ತ್ರಿ, ನನ್ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ?” ಎಂದು ಡ್ರೈವರುಗಳು ಛೇಡಿಸುತ್ತಿದ್ದರು. “ನಿನ್ ಮೇಲೆ ಐತಪ್ಪ, ನನ್ ಕೆಲ್ಸದ ಮೇಲೇ ಇಲ್ಲ” ಎನ್ನುತ್ತಿದ್ದರು ಅಪ್ಪ. ಮುಂದಿನ ಊರಿನಲ್ಲಿ ಇಳಿದು, ಲಾರಿಯ ಕೆಳಗೆ ತೂರಿ ಒಮ್ಮೆ ಕೈಯಾಡಿಸಿ, ಎದುರಿನಿಂದ ಬರುವ ಯಾವುದೋ ಲಾರಿ ಹತ್ತಿ ವಾಪಸಾಗುತ್ತಿದ್ದರು. ಎಷ್ಟೋ ರಾತ್ರಿ ಅವ್ವ ಅವರ ಊಟ ಮುಚ್ಚಿಟ್ಟು ಕಾದದ್ದುಂಟು.

‘ಡಸ್ಟ್ ಟು ಗ್ಲೋರಿ’ ಸಿಕ್ಕರೆ ನೋಡಿ. ಬೇಡವೆನ್ನಲು ಬರುವಂಥ ಚಿತ್ರವಲ್ಲ ಅದು. ನೋಡುವಾಗ ಗಾಡಿಗಳು ನಡುದಾರಿಯಲ್ಲಿ ಪೆಟ್ರೋಲಿಗೆ ನಿಲ್ಲುವ ಗಳಿಗೆಗಳಲ್ಲಿ ಮಾತ್ರ ಸವಾರನ ಮುಖ ಬಿಟ್ಟು ಸ್ವಲ್ಪ ಕೆಳಗೆ ನೋಡಿ. ಮಂಡಿಯೂರಿದವರು, ಗಾಡಿಯ ಅಡಿಗೆ ಕೈ ಹಾಕಿದವರು, ಟೈರು ಉರುಳಿಸಿಕೊಂಡು ಓಡಿ ಬಂದವರು ಚೌಕಟ್ಟಿನ ಅಂಚಿನಲ್ಲಿ ಅರ್ಧ ಕ್ಷಣ ಕಾಣಿಸುತ್ತಾರೆ. ಧೂಳು ಏಳುವ ಮೊದಲು ನೋಡಿಕೊಳ್ಳಬೇಕು.