ಮರಳುಗಲ್ಲಿನ ಓದು
ಮೋಆಬ್ ಮರುಭೂಮಿಯ ಶಿಲಾರೋಹಣ: ರಸಿಕರಿಗೊಂದು ಕೈಪಿಡಿ

ಬಂಡೆ ಹತ್ತುವವರನ್ನು ಮೊದಲ ಸಲ ನೋಡುವಾಗ ನಮ್ಮ ಕಣ್ಣು ಹೋಗುವುದು ತೋಳಿನ ಕಡೆಗೆ, ಇಲ್ಲವೇ ಕೆಳಗಿನ ಆಳದ ಕಡೆಗೆ. ಎಂಥ ಬಲ, ಎಂಥ ಎದೆಗಾರಿಕೆ ಎಂದು ಬೆರಗಾಗಿ ಅಷ್ಟಕ್ಕೇ ನಿಂತುಬಿಡುತ್ತೇವೆ. ಅಮೆರಿಕದ ಯೂಟಾ ರಾಜ್ಯದಲ್ಲಿ, ಕೊಲರಾಡೊ ನದಿಯ ಪಕ್ಕದ ಮೋಆಬ್ ಪಟ್ಟಣಕ್ಕೆ ಹೋದವರು ಈ ಎರಡು ಅಳತೆಗೋಲನ್ನೂ ಬದಿಗಿಡುವುದು ಒಳ್ಳೆಯದು. ಅಲ್ಲಿನ ಮರಳುಗಲ್ಲಿನ ಮೇಲೆ ಕಟ್ಟುಮಸ್ತಾದವರು ಬೆವರಿಳಿಸಿ ಸೋಲುವುದುಂಟು. ಸಾಧಾರಣ ಮೈಕಟ್ಟಿನವರು ಸಲೀಸಾಗಿ ಮೇಲೇರುವುದೂ ಉಂಟು. ಕಲ್ಲನ್ನು ಓದಲು ಬರುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುವವರಿಗೂ ಕೆಳಗೆ ನಿಂತು ನೋಡುವವರಿಗೂ ಬೇಕಾದ ಅಕ್ಷರಾಭ್ಯಾಸ ಇಲ್ಲಿದೆ.

ಮೊದಲು ಕಲ್ಲನ್ನು ಮುಟ್ಟಿ

ಮೋಆಬ್ ಸುತ್ತಲಿನ ಕೆಂಪು ಗೋಡೆಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಗಾಳಿಗೆ ಅಲೆಯುತ್ತಿದ್ದ ಮರಳಿನ ದಿಬ್ಬಗಳು. ವಿಂಗೇಟ್ ಎಂಬ ಪದರಕ್ಕೆ ಸುಮಾರು 20 ಕೋಟಿ ವರ್ಷ. ನವಾಹೊ ಎಂಬುದು ಅದಕ್ಕಿಂತ ಸ್ವಲ್ಪ ಕಿರಿಯದು. ಗೋಡೆಯ ಮೈಮೇಲೆ ಓರೆಯಾಗಿ ಹರಿದ ಗೆರೆಗಳು ಕಂಡರೆ, ಅವೇ ಆ ದಿಬ್ಬಗಳ ಹಳೆಯ ಇಳಿಜಾರುಗಳು. ಮರಳಿನ ಕಾಳುಗಳನ್ನು ಹಿಡಿದಿಟ್ಟಿರುವುದು ಕ್ಯಾಲ್ಸೈಟ್, ಕಬ್ಬಿಣದ ಆಕ್ಸೈಡ್, ಜೇಡಿಯಂಥ ಅಂಟುಗಳು. ಬಣ್ಣ ಬಂದದ್ದು ಕಬ್ಬಿಣದಿಂದ. ಅಂಟು ದುರ್ಬಲವಾದಲ್ಲಿ ಅಂಗೈ ಉಜ್ಜಿದರೆ ಮರಳು ಉದುರುತ್ತದೆ.

ಕೆಲವು ಕಡೆ ಗೋಡೆ ಕಪ್ಪಗೆ, ಎಣ್ಣೆ ಸವರಿದಂತೆ ಮಿನುಗುತ್ತದೆ. ಇದು ಮರುಭೂಮಿಯ ವಾರ್ನಿಶ್: ಮ್ಯಾಂಗನೀಸ್, ಕಬ್ಬಿಣ, ಜೇಡಿ ಸೇರಿ ಸಾವಿರಾರು ವರ್ಷಗಳಲ್ಲಿ ಕೂತ ತೆಳುವಾದ ಪೊರೆ. ಪೊರೆ ಇದೆ ಎಂದರೆ ಆ ಮೈ ಬಹುಕಾಲದಿಂದ ಮುರಿಯದೆ ಉಳಿದಿದೆ. ತಿಳಿ ಬಣ್ಣದ ಹಸಿ ಗಾಯ ಕಂಡರೆ ಅಲ್ಲಿಂದ ಚಕ್ಕೆ ಬಿದ್ದು ಹೆಚ್ಚು ದಿನವಾಗಿಲ್ಲ. ನುರಿತ ಗೈಡ್ ಹಗ್ಗ ಬಿಚ್ಚುವ ಮೊದಲು ಈ ಬಣ್ಣಗಳನ್ನು ನೋಡುತ್ತಾರೆ. ಹತ್ತುವಾಗ ಸಂಶಯ ಬಂದ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾರೆ. ಟೊಳ್ಳು ಸದ್ದು ಬಂದರೆ ಅದರ ಮೇಲೆ ಭಾರ ಹಾಕುವುದಿಲ್ಲ. ಕೆಳಗೆ ನಿಂತವರು ಈ ಬಡಿತಕ್ಕೆ ಕಿವಿಗೊಡಬೇಕು. ಆರೋಹಿಯ ಮನಸ್ಸಿನಲ್ಲಿ ನಡೆಯುವ ಲೆಕ್ಕಾಚಾರ ಹೊರಗೆ ಕೇಳಿಸುವುದು ಅಲ್ಲೊಂದೇ ಕಡೆ.

ರಾಮನಗರದ ಗ್ರಾನೈಟ್ ಮೇಲೆ ಕಲಿತ ಬೆಂಗಳೂರಿನವರಿಗೆ ಇದು ಬೇರೆಯದೇ ಲೋಕ. ಬಾದಾಮಿಯದೂ ಮರಳುಗಲ್ಲೇ, ನಿಜ. ಆದರೆ ಅದು ಮೋಆಬ್‌ನದಕ್ಕಿಂತ ಎಷ್ಟೋ ಪಟ್ಟು ಹಳೆಯದು, ಗಟ್ಟಿ. ಬಾದಾಮಿಯಲ್ಲಿ ನಂಬಿ ಎಳೆದ ಚಿಕ್ಕ ಅಂಚನ್ನು ಮೋಆಬ್‌ನಲ್ಲಿ ಅದೇ ಧೈರ್ಯದಿಂದ ಎಳೆಯುವಂತಿಲ್ಲ.

ರಸ್ತೆ ಬದಿಯಲ್ಲಿ ಮೊದಲ ಪಾಠ

ಹೊಸಬರ ಮೊದಲ ದಿನ ಸಾಮಾನ್ಯವಾಗಿ ಕಳೆಯುವುದು ಪೊಟ್ಯಾಶ್ ರಸ್ತೆಯಲ್ಲಿ. ಒಂದು ಕಡೆ ಕೊಲರಾಡೊ ನದಿ, ಇನ್ನೊಂದು ಕಡೆ ರಸ್ತೆಗೆ ಅಂಟಿದಂತೆ ಎದ್ದ ನವಾಹೊ ಗೋಡೆ. ಆರೋಹಿಗಳು ಇದನ್ನು ವಾಲ್ ಸ್ಟ್ರೀಟ್ ಎಂದು ಕರೆಯುತ್ತಾರೆ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಗೋಡೆಯ ಬುಡ.

ಇಲ್ಲಿ ಹಗ್ಗ ಮೇಲಿನ ಆಧಾರದಿಂದ ಇಳಿದು ಬಂದಿರುತ್ತದೆ. ಅದರ ಒಂದು ತುದಿ ಹತ್ತುವವರ ಸೊಂಟದ ಪಟ್ಟಿಗೆ. ಇನ್ನೊಂದು, ಕೆಳಗೆ ನಿಂತು ಬಿಲೇ ಕೊಡುವವರ, ಅಂದರೆ ಜಾರಿದಾಗ ಹಗ್ಗವನ್ನು ತಡೆದು ಹಿಡಿಯುವವರ ಕೈಗೆ. ಜಾರಿದರೂ ಬೀಳುವುದು ಹಗ್ಗ ಎಷ್ಟು ಹಿಗ್ಗಿತೋ ಅಷ್ಟೇ. ಹಾಗಾಗಿ ಮಕ್ಕಳು, ಅರವತ್ತು ದಾಟಿದವರು, ಎತ್ತರಕ್ಕೆ ಅಂಜುವವರು ಎಲ್ಲರೂ ಇಲ್ಲಿ ಪ್ರಯತ್ನಿಸಬಹುದು.

ನೋಡಬೇಕಾದ್ದು ಪಾದವನ್ನು. ಓರೆಯಾದ ನಯ ಬಂಡೆಯ ಮೇಲೆ ಅಂಚೂ ಇಲ್ಲ, ಗುಳಿಯೂ ಇಲ್ಲ. ಇರುವುದು ಶೂಗಳ ರಬ್ಬರ್ ಮತ್ತು ಮರಳಿನ ಒರಟು. ಹೊಸಬರು ಹೆದರಿ ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ತಬ್ಬಿದಷ್ಟೂ ಭಾರ ಪಾದದಿಂದ ಸರಿಯುತ್ತದೆ, ಕಾಲು ಜಾರುತ್ತದೆ. ‘ಹಿಮ್ಮಡಿ ಇಳಿಸಿ, ಸೊಂಟ ಹೊರಗೆ ತನ್ನಿ’ ಎಂದು ಗೈಡ್ ಕೆಳಗಿನಿಂದ ಕೂಗುವುದು ಇದಕ್ಕೇ. ಬಂಡೆಯಿಂದ ದೂರ ನಿಂತವನೇ ಬಂಡೆಗೆ ಹೆಚ್ಚು ಅಂಟಿಕೊಳ್ಳುತ್ತಾನೆ ಎಂಬುದು ಬುದ್ಧಿಗೆ ಬೇಗ ತಿಳಿಯುತ್ತದೆ, ಮೈಗೆ ತಿಳಿಯಲು ಅರ್ಧ ದಿನ ಬೇಕು. ಒಳ್ಳೆಯ ಆರೋಹಿಯ ಪಾದ ಸದ್ದು ಮಾಡುವುದಿಲ್ಲ. ಒಮ್ಮೆ ಊರಿದ ಜಾಗದಿಂದ ಕದಲುವುದೂ ಇಲ್ಲ.

ಬಿರುಕಿನೊಳಗೆ ಕೈ

ಮೋಆಬ್‌ನಿಂದ ದಕ್ಷಿಣಕ್ಕೆ, ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕದ ವ್ಯಾಪ್ತಿಯಲ್ಲಿರುವ ಇಂಡಿಯನ್ ಕ್ರೀಕ್ ಕಣಿವೆ ಈ ಕಲೆಯ ಗರ್ಭಗುಡಿ. ವಿಂಗೇಟ್ ಗೋಡೆಗಳನ್ನು ಸೀಳಿದ ಬಿರುಕುಗಳು ಇಲ್ಲಿ ನೂಲು ಹಿಡಿದಂತೆ ನೇರ. ಬುಡದಿಂದ ತುದಿಯವರೆಗೆ ಒಂದೇ ಅಗಲ, ಎರಡೂ ಬದಿ ನುಣುಪು. ಹಿಡಿದೆಳೆಯಲು ಏನೂ ಇಲ್ಲ.

ಏನೂ ಇಲ್ಲದ ಕಡೆ ಕೈಯೇ ಹಿಡಿಯಾಗಬೇಕು. ಬಳೆಗಾರ ಬಳೆ ತೊಡಿಸುವಾಗ ಕೈಯನ್ನು ಒತ್ತಿ ಸಣ್ಣದು ಮಾಡುತ್ತಾನಲ್ಲ, ಹಾಗೆ ಅಂಗೈಯನ್ನು ತೆಳ್ಳಗೆ ಒಳಗೆ ಜಾರಿಸುವುದು. ಒಳಗೆ ಹೋದ ಮೇಲೆ ಹೆಬ್ಬೆರಳನ್ನು ಅಂಗೈಗೆ ಮಡಿಸಿ ಕೈಯನ್ನು ಉಬ್ಬಿಸುವುದು. ಹೆಬ್ಬೆರಳ ಬುಡದ ಮಾಂಸ ಒಂದು ಗೋಡೆಗೆ, ಹಿಂಗೈ ಇನ್ನೊಂದಕ್ಕೆ ಒತ್ತಿ ನಿಲ್ಲುತ್ತವೆ. ಇದಕ್ಕೆ ಜ್ಯಾಮ್ ಎಂದು ಹೆಸರು. ಪಾದವೂ ಹಾಗೆಯೇ: ಮಂಡಿಯನ್ನು ಹೊರಗೆ ತಿರುಗಿಸಿ ಪಾದವನ್ನು ಅಡ್ಡಡ್ಡ ತೂರಿಸಿ, ಆಮೇಲೆ ಮಂಡಿಯನ್ನು ನೇರಕ್ಕೆ ತಂದರೆ ಪಾದ ತಿರುಚಿಕೊಂಡು ಸಿಕ್ಕಿಕೊಳ್ಳುತ್ತದೆ. ನೋಯುತ್ತದೆ, ಸುಳ್ಳಲ್ಲ. ಹಿಂಗೈಗೆ ಟೇಪು ಸುತ್ತುವುದೋ ಕೈಗವಸು ಹಾಕುವುದೋ ಇದಕ್ಕಾಗಿ.

ಬಿರುಕಿನ ಅಗಲ ಬದಲಾದರೆ ಆಟವೇ ಬದಲು. ಬೆರಳು ಮಾತ್ರ ಹೋಗುವ ಸಂದಿ, ಅಂಗೈಯದು, ಮುಷ್ಟಿಯದು, ಭುಜ ತೂರಿಸಿ ಒದ್ದಾಡಬೇಕಾದದ್ದು, ಇಡೀ ಮೈ ಒಳಗೆ ಹೋಗುವ ಚಿಮ್ನಿ: ಒಂದೊಂದರ ಪಟ್ಟುಗಳೂ ಬೇರೆ. ಈ ಕಾರಣಕ್ಕೆ ಇಲ್ಲಿನ ದಾರಿಗಳ ಕಷ್ಟ ಅಳೆಯುವ ದರ್ಜೆಗಳನ್ನು ಅರ್ಧ ನಂಬಿದರೆ ಸಾಕು. ಅಮೆರಿಕದ ದರ್ಜೆ 5.0ರಿಂದ 5.15ರವರೆಗೆ ಹೋಗುತ್ತದೆ; ಗಣಿತ ಮರೆಯಿರಿ, 5.9ರ ನಂತರ ಬರುವುದು 5.10. ದಪ್ಪ ಕೈಯ ಗಂಡಸಿಗೆ ಬೆರಳಿಗೂ ಅಂಗೈಗೂ ಒಗ್ಗದ ಕಿರಿದಾದ ಬಿರುಕು, ಸಣ್ಣ ಕೈಯ ಹೆಂಗಸಿಗೆ ಅಚ್ಚುಕಟ್ಟಾದ ಅಂಗೈ ಜ್ಯಾಮ್. ನಗರದ ಕೃತಕ ಗೋಡೆಗಳಲ್ಲಿ ಪಳಗಿದವರೂ ಮೊದಲ ಬಿರುಕಿನ ಮುಂದೆ ಹೊಸಬರೇ.

ಕಣ್ಣಿಡಬೇಕಾದ ಇನ್ನೊಂದು ವಸ್ತು ಕ್ಯಾಮ್. ಮುಂದಾಳಾಗಿ ಹತ್ತುವವರು, ಬಿದ್ದರೆ ಹಗ್ಗವನ್ನು ತಡೆಯಲೆಂದು ಬಿರುಕಿನೊಳಗೆ ಇಡುತ್ತಾ ಹೋಗುವ ಈ ಉಪಕರಣ ಎಳೆದಷ್ಟೂ ಅರಳಿ ಗೋಡೆಗಳನ್ನು ಒತ್ತುತ್ತದೆ. ಬಿರುಕು ಒಂದೇ ಅಗಲದ್ದಾದ್ದರಿಂದ ಒಂದೇ ಅಳತೆಯ ಕ್ಯಾಮ್‌ಗಳ ಗೊಂಚಲನ್ನೇ ಹೊರಬೇಕು. ಮೆತು ಕಲ್ಲಿನಲ್ಲಿ ಇವೂ ಜಾರಿ ಗೆರೆ ಕೊರೆಯುವುದುಂಟು, ಅದಕ್ಕೇ ಆಳಕ್ಕೆ, ಹತ್ತಿರ ಹತ್ತಿರ ಇಡುತ್ತಾರೆ. ರೇ ಜಾರ್ಡೀನ್ ರೂಪಿಸಿದ ‘ಫ್ರೆಂಡ್ಸ್’ ಎಂಬ ಕ್ಯಾಮ್‌ಗಳು ಮಾರುಕಟ್ಟೆಗೆ ಬಂದದ್ದು 1978ರಲ್ಲಿ. ಇಂಡಿಯನ್ ಕ್ರೀಕ್‌ನ ಹೆಸರಾಂತ ಸೂಪರ್‌ಕ್ರ್ಯಾಕ್ ಎಂಬ ಬಿರುಕನ್ನು ಅರ್ಲ್ ವಿಗ್ಗಿನ್ಸ್ ಮುಂದಾಳಾಗಿ ಏರಿದ್ದು ಅದಕ್ಕೂ ಮೊದಲು, 1976ರಲ್ಲಿ. ಎರಡು ಸಮಾನಾಂತರ ನುಣುಪು ಗೋಡೆಗಳ ನಡುವೆ ಅರಳದ ಲೋಹದ ತುಂಡುಗಳನ್ನು ಸಿಕ್ಕಿಸಿ ಮೇಲೇರುವುದೆಂದರೆ ಏನು ಎಂಬುದು, ಒಂದು ಕ್ಯಾಮನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಕೂಡಲೇ ಹೊಳೆಯುತ್ತದೆ.

ಒಂಟಿ ಗೋಪುರಗಳು

ಸುತ್ತಲಿನ ಗೋಡೆಯೆಲ್ಲ ಸವೆದು ಉರುಳಿದ ಮೇಲೆ ಉಳಿದ ಕಂಬಗಳು ಈ ಮರುಭೂಮಿಯ ಗೋಪುರಗಳು. ಕ್ಯಾಸಲ್‌ಟನ್ ಗೋಪುರ ಸುಮಾರು 120 ಮೀಟರ್ ಎತ್ತರದ ವಿಂಗೇಟ್ ಕಂಬ. 1961ರಲ್ಲಿ ಲೇಟನ್ ಕೋರ್ ಮತ್ತು ಹಂಟ್ಲಿ ಇಂಗಲ್ಸ್ ಇದನ್ನು ಮೊದಲ ಸಲ ಏರಿದರು. ಅವರ ದಾರಿಗೆ ಅವರದೇ ಹೆಸರು, ದರ್ಜೆ 5.9. ಬಿಳಿ ಕ್ಯಾಲ್ಸೈಟ್ ಮೆತ್ತಿದ ಕಡೆ ಅದು ಜಾರುಬಂಡೆ. ಗೋಪುರದ ತುದಿಗೆ ಆರೋಹಿಗಳು ಹೊತ್ತೊಯ್ದ ಕಂಪನಮಾಪಕದ ನೆರವಿನಿಂದ ಯೂಟಾ ವಿಶ್ವವಿದ್ಯಾಲಯದವರು 2019ರಲ್ಲಿ ತಿಳಿಸಿದ ಸಂಗತಿ ಇದು: ಈ ಕಂಬ ಸೆಕೆಂಡಿಗೆ ಸರಿಸುಮಾರು ಒಂದು ಸಲದಂತೆ ಸದಾ ಸೂಕ್ಷ್ಮವಾಗಿ ತೂಗುತ್ತಿರುತ್ತದೆ.

ಫಿಶರ್ ಗೋಪುರಗಳದು ಬೇರೆ ಜಾತಿ. ಇವು ಇನ್ನೂ ಹಳೆಯ, ಇನ್ನೂ ಮೆತ್ತಗಿನ ಕಟ್ಲರ್ ಎಂಬ ಪದರದ ಕಲ್ಲು. ಮೈಮೇಲೆ ಒಣಗಿದ ಕೆಸರಿನ ಪದರ, ತಲೆಗೆ ಗಟ್ಟಿ ಟೋಪಿ. ಇವುಗಳಲ್ಲಿ ದೊಡ್ಡದಾದ ಟೈಟನ್ ಅನ್ನು 1962ರಲ್ಲಿ ಕೋರ್, ಇಂಗಲ್ಸ್ ಮತ್ತು ಜಾರ್ಜ್ ಹರ್ಲಿ ಏರಿದರು. ಏನ್ಶೆಂಟ್ ಆರ್ಟ್ ಎಂಬ ಗೋಪುರದ ತುದಿ ತಿರುಚಿಟ್ಟ ತಿರುಪು. ಅದನ್ನು ತಲುಪಲು ಎರಡೂ ಕಡೆ ಆಳ ಬಿದ್ದ ಸಣ್ಣ ಏಣಿನ ಮೇಲೆ ನಡೆಯಬೇಕು. ಕೆಲವರು ತೆವಳುತ್ತಾರೆ, ಅದರಲ್ಲಿ ಅವಮಾನವೇನಿಲ್ಲ. ಅಲ್ಲೇ ಕೋಬ್ರಾ ಎಂಬ ಹೆಡೆಯಾಕಾರದ ಕಂಬವೊಂದಿತ್ತು, 2014ರಲ್ಲಿ ಬಿದ್ದುಹೋಯಿತು.

ಗೈಡ್‌ನಲ್ಲಿ ಏನು ನೋಡಬೇಕು

ಸಾರ್ವಜನಿಕ ಭೂಮಿಯಲ್ಲಿ ಹಣ ಪಡೆದು ಹತ್ತಿಸುವವರಿಗೆ ಪರವಾನಗಿ ಇರಬೇಕು. ಅದನ್ನೂ, ಅಮೆರಿಕನ್ ಮೌಂಟನ್ ಗೈಡ್ಸ್ ಅಸೋಸಿಯೇಷನ್‌ನ ತರಬೇತಿ ಪ್ರಮಾಣಪತ್ರವನ್ನೂ ಕೇಳಲು ಸಂಕೋಚ ಬೇಡ. ಅದಕ್ಕಿಂತ ಹೆಚ್ಚಿನದನ್ನು ಮೊದಲ ಗಂಟೆಯೇ ಹೇಳುತ್ತದೆ. ನಿಮ್ಮ ಕೈ ಅಳತೆ ನೋಡಿ ಬಿರುಕು ಆರಿಸುತ್ತಾರೆಯೇ? ಮೇಲೆ ಎಳೆದುಕೊಳ್ಳುವ ಬದಲು, ಹಗ್ಗವನ್ನು ತುಸು ಸಡಿಲ ಬಿಟ್ಟು ನಿಮ್ಮ ಕಾಲೇ ಉತ್ತರ ಹುಡುಕುವವರೆಗೆ ಕಾಯುತ್ತಾರೆಯೇ? ಗಂಟನ್ನೂ ಪಟ್ಟಿಯನ್ನೂ ನೀವೇ ಇನ್ನೊಮ್ಮೆ ಪರೀಕ್ಷಿಸುವಂತೆ ಮಾಡುತ್ತಾರೆಯೇ? ಹಾಗಿದ್ದರೆ ಒಳ್ಳೆಯ ಗುರು ಸಿಕ್ಕಿದ್ದಾರೆ. ಹೊಸಬರಿಗೆ ವಾಲ್ ಸ್ಟ್ರೀಟ್, ಸ್ವಲ್ಪ ಅನುಭವವಿದ್ದವರಿಗೆ ಬಿರುಕಿನ ಪಾಠ, ಅದು ಕೈವಶವಾದವರಿಗೆ ಗೋಪುರ: ಈ ಕ್ರಮ ಹಾರಿಸುವ ಆತುರ ಬೇಡ. ವಸಂತ ಮತ್ತು ಶರತ್ಕಾಲ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕಲ್ಲು ಕಾದು ಕೆಂಡ.

ಹತ್ತದ ದಿನ

ಮಳೆ ಬಂದರೆ ಗ್ರಾನೈಟ್ ಒದ್ದೆಯಾಗುತ್ತದೆ ಅಷ್ಟೇ, ಮರಳುಗಲ್ಲು ದುರ್ಬಲವಾಗುತ್ತದೆ. ನೀರು ಕಾಳುಗಳ ನಡುವಿನ ಅಂಟನ್ನು ಸಡಿಲಿಸುತ್ತದೆ. ಮೇಲ್ಮೈ ಒಣಗಿದ ಮೇಲೂ ಒಳಗೆ ಪಸೆ ಉಳಿದಿರುತ್ತದೆ. ಆಗ ಎಳೆದರೆ ಹಿಡಿ ಕಿತ್ತು ಬರುತ್ತದೆ, ಕ್ಯಾಮ್ ಕಳಚುತ್ತದೆ. ಆರೋಹಿಗೆ ಪೆಟ್ಟಾಗುವುದು ಒಂದು ಕಡೆ; ಮುರಿದ ಹಿಡಿ ಮುಂದೆ ಬರುವವರಿಗೂ ಇಲ್ಲ. ಅದಕ್ಕೇ ಒಂದರಿಂದ ಮೂರು ದಿನ ಕಾಯುವ ವಾಡಿಕೆ. ಗೋಡೆಯ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ, ಒಳಗೆ ತೇವ ಕಂಡರೆ ವಾಪಸು.

ಇಂಥ ನಿಯಮಗಳು ಇನ್ನೂ ಇವೆ. ಡೇಗೆಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಇಂಡಿಯನ್ ಕ್ರೀಕ್‌ನ ಕೆಲವು ಗೋಡೆಗಳತ್ತ ಸುಳಿಯಬಾರದು. ನೆಲದ ಮೇಲಿನ ಕಪ್ಪು ಉಬ್ಬುತಗ್ಗಿನ ಹೊಪ್ಪಳೆ ಸೂಕ್ಷ್ಮಜೀವಿಗಳು ಕಟ್ಟಿದ ಜೀವಂತ ಮಣ್ಣು, ಅದನ್ನು ತುಳಿಯದೆ ಕಾಲುದಾರಿಯಲ್ಲೇ ನಡೆಯಬೇಕು. ಮೂಲನಿವಾಸಿಗಳು ಕೊರೆದ ಚಿತ್ರಗಳಿರುವ ಬಂಡೆಯನ್ನು ಮುಟ್ಟಬಾರದು. ಬೇರ್ಸ್ ಇಯರ್ಸ್ ನೆಲ ಹೋಪಿ, ನವಾಹೊ, ಯೂಟ್, ಝೂನಿ ಜನರಿಗೆ ಇಂದಿಗೂ ಪೂಜ್ಯ.

ಸಾವಿರಾರು ಮೈಲಿ ಹಾರಿ ಬಂದು, ಮುಂಗಡ ಕಟ್ಟಿ, ಬೆಳಿಗ್ಗೆ ಎದ್ದಾಗ ಗೈಡ್ ‘ಇವತ್ತು ಬೇಡ’ ಎಂದರೆ ಚೌಕಾಸಿಗೆ ಇಳಿಯಬೇಡಿ. ಆ ಹೊತ್ತಿನಲ್ಲಿ ಅವರು ನಿಮ್ಮನ್ನು ಗೋಡೆಯ ಬುಡಕ್ಕೆ ಕರೆದೊಯ್ದು ಹಸಿ ಕಲ್ಲನ್ನೂ ಒಣ ಕಲ್ಲನ್ನೂ ಪಕ್ಕಪಕ್ಕ ತೋರಿಸುವಂತೆ ಕೇಳಿ. ಮರುದಿನ ನೀವು ಯಾವುದಕ್ಕೆ ಮೈಭಾರ ಒಪ್ಪಿಸುತ್ತೀರಿ ಎಂಬುದನ್ನು ತೀರ್ಮಾನಿಸುವುದು ಆ ಪಾಠವೇ.