ದೇವರನ್ನು ಕಾಣಲು ಬಂದವರು

ಮೆಕ್ಸಿಕೋದ ವಹಾಕಾ ಪ್ರಾಂತ್ಯದ ಬೆಟ್ಟಗಳ ನಡುವೆ ವೌಟ್ಲಾ ಎಂಬ ಊರಿದೆ. ಅಲ್ಲಿನ ಮಸಾಟೆಕ್ ಬುಡಕಟ್ಟಿನ ಮರೀಯಾ ಸಬೀನಾ ಅಕ್ಷರ ಕಲಿತವರಲ್ಲ. ದರ್ಶನ ತರಿಸುವ ಅಣಬೆಯಿಂದ ರೋಗಿಗಳನ್ನು ಉಪಚರಿಸುತ್ತಿದ್ದವರು. ಅವರು ತಮ್ಮ ನುಡಿಯಲ್ಲಿ ಹೇಳಿದ ಜೀವನಕಥೆಯನ್ನು ಅದೇ ಜನಾಂಗದ ಆಲ್ವಾರೋ ಎಸ್ತ್ರಾದ 1977ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಹೊರತಂದರು. ಈ ಕೃತಿಯನ್ನು 1957ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂದ ಗಾರ್ಡನ್ ವಾಸನ್ನರ ಲೇಖನದೊಡನೆ ಇಟ್ಟು ಓದಬೇಕು.

ವಾಸನ್ ನ್ಯೂಯಾರ್ಕಿನ ಬ್ಯಾಂಕ್ ಅಧಿಕಾರಿ. 1955ರ ಜೂನ್ ಕೊನೆಯ ಒಂದು ರಾತ್ರಿ ಮರೀಯಾರ ಜಾಗರಣೆಯಲ್ಲಿ ಕುಳಿತು, ಅಣಬೆ ತಿಂದು, ಕಂಡ ದರ್ಶನಗಳನ್ನು ಬಣ್ಣಿಸಿದರು. ಬರಹ ಸೊಗಸಾಗಿದೆ. ಆದರೆ ಅದರಲ್ಲಿ ಕೇಳಿಬರುವುದು ಬಹುಪಾಲು ಅತಿಥಿಯ ಅನುಭವ, ರೋಗಿಯ ನರಳಾಟವಲ್ಲ.

ಮರೀಯಾರ ಮಾತಿನಲ್ಲಿ ರೋಗಿಯೇ ಮೊದಲು. ಸಂತರ ಚಿತ್ರಗಳಿದ್ದ ಮನೆಯ ಪೀಠದ ಮುಂದೆ ರಾತ್ರಿಯಿಡೀ ಹಾಡು. ಅದರಲ್ಲಿ ಕ್ರಿಸ್ತರ ಹೆಸರಿದೆ, ಮಾತೆ ಮರಿಯಮ್ಮನ ಹೆಸರಿದೆ, ಸಂತ ಪೇತ್ರ ಪೌಲರ ಹೆಸರಿದೆ. ಅವರು ಧರ್ಮಕೇಂದ್ರದ ಭಕ್ತಸಂಘಗಳ ಸದಸ್ಯೆಯೂ ಹೌದು. ಅಣಬೆಗಳನ್ನು 'ಪವಿತ್ರ ಮಕ್ಕಳು' ಎಂದು ಕರೆಯುತ್ತಾರೆ. ವಾಸನ್ ಬರುವ ಮುನ್ನ ದೇವರನ್ನು ಕಾಣಲೆಂದು ಯಾರೂ ಅವನ್ನು ತಿಂದವರಲ್ಲ, ರೋಗ ವಾಸಿಯಾಗಲೆಂದೇ ತಿಂದರು ಎಂಬುದು ಅವರ ಸ್ಪಷ್ಟ ನುಡಿ. ಇಡೀ ಕೃತಿಯ ಜೀವಾಳ ಅದೇ ಎಂದು ನನ್ನ ಎಣಿಕೆ.

ಇಲ್ಲಿ ನಮ್ಮವರ ತಪ್ಪನ್ನೂ ಹೇಳಲೇಬೇಕು. ಹದಿನಾರನೆಯ ಶತಮಾನದ ಫ್ರಾನ್ಸಿಸ್ಕನ್ ಗುರು ಮೊಟೊಲಿನಿಯಾ, ಮೆಕ್ಸಿಕೋದ ಮೂಲನಿವಾಸಿಗಳ ಅಣಬೆ ಸೇವನೆಯನ್ನು ಕ್ರೂರ ದೇವತೆಯೊಂದು ನೀಡುವ ಪರಮಪ್ರಸಾದವೆಂದು ಖಂಡಿಸಿದರು. ವಾಸನ್ ಅದೇ ಪರಮಪ್ರಸಾದದ ಹೋಲಿಕೆಯನ್ನು ಮೆಚ್ಚುಗೆಗೆ ಬಳಸಿದರು. ಒಬ್ಬರದು ನಿಂದೆ, ಇನ್ನೊಬ್ಬರದು ಹೊಗಳಿಕೆ, ಅಳತೆಗೋಲು ಒಂದೇ. ಈ ಮನೆಯಲ್ಲಿ ಮಲಗಿರುವ ರೋಗಿ ಯಾರು ಎಂದು ಇಬ್ಬರೂ ಕೇಳಲಿಲ್ಲ. ಅಣಬೆಯಲ್ಲಿ ದೈವತ್ವವಿದೆ ಎಂಬುದನ್ನು ನಾನು ಒಪ್ಪಲಾರೆ. ಕೃಪೆ ದೇವರ ಉಚಿತ ದಾನ, ಅಗಿದು ನುಂಗಿ ಪಡೆಯುವ ದರ್ಶನವಲ್ಲ. ಆದರೂ ರೋಗಿಲೇಪನಕ್ಕೆ ಹೋದಾಗ ಗಡಿಯಾರ ನೋಡುವ ನನ್ನಂಥ ಗುರುವಿಗೆ, ನೆರೆಯವರಿಗಾಗಿ ಬೆಳಗಿನವರೆಗೆ ಎಚ್ಚರವಿದ್ದ ಆ ಹೆಂಗಸಿನ ಮುಂದೆ ತಲೆ ತಗ್ಗುತ್ತದೆ.

ಕೃತಿಗೂ ಒಂದು ಮಿತಿಯಿದೆ. ಮಸಾಟೆಕ್ ನುಡಿಯಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ಬದಲಿಸುತ್ತದೆ. ಅಚ್ಚಾದ ಹಾಡಿನಲ್ಲಿ ಆ ದನಿ ಉಳಿಯುವುದಿಲ್ಲ.

ಲೇಖನದಲ್ಲಿ ವಾಸನ್ ಅವರ ಹೆಸರನ್ನು ಮರೆಸಿದ್ದರು. ಆದರೂ ವೌಟ್ಲಾಕ್ಕೆ ಪರದೇಶಿಯರು ಗುಂಪುಗುಂಪಾಗಿ ಬಂದರು, ಬಹುಮಟ್ಟಿಗೆ ರೋಗವೇ ಇಲ್ಲದವರು. ಊರಿನವರಲ್ಲಿ ಅಸಮಾಧಾನ ಹುಟ್ಟಿತು. ಮರೀಯಾರ ಮನೆಯೂ ಸುಟ್ಟುಹೋಯಿತು. ಮುಂದೆ ವಾಸನ್ ವಿಷಾದ ವ್ಯಕ್ತಪಡಿಸಿದರು. ಅಪರಿಚಿತರು ಬಂದ ಮೇಲೆ ಪವಿತ್ರ ಮಕ್ಕಳು ಬಲ ಕಳೆದುಕೊಂಡರೆಂದು ಮರೀಯಾ ಹೇಳಿದ್ದಾರೆ. 1985ರಲ್ಲಿ ಅವರು ಬಡವರಾಗಿಯೇ ತೀರಿಕೊಂಡರು.