ಗೋಲು ಹೊಡೆಯದ ಫಾರ್ವರ್ಡ್

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ 2023ರ ಪ್ರಿಲಿಮಿನರಿ ಫೈನಲ್‌ನಲ್ಲಿ ಕಾಲಿಂಗ್‌ವುಡ್ ತಂಡ ಜಯಂಟ್ಸ್ ತಂಡವನ್ನು ಒಂದೇ ಒಂದು ಅಂಕದಿಂದ ಸೋಲಿಸಿತು. ಆ ಗೆಲುವಿಗೆ ತೆತ್ತ ಬೆಲೆಗಳಲ್ಲಿ ಡ್ಯಾನ್ ಮೆಕ್‌ಸ್ಟೇ ಅವರ ಮಂಡಿಯೂ ಒಂದು. ಮುಂದಿನ ಶನಿವಾರ, ಸೆಪ್ಟೆಂಬರ್ 30ಕ್ಕೆ, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಬ್ರಿಸ್ಬೇನ್ ಲಯನ್ಸ್ ಎದುರು ಗ್ರ್ಯಾಂಡ್ ಫೈನಲ್. ಎತ್ತರದ ಫಾರ್ವರ್ಡ್ ಜಾಗ ಖಾಲಿ. ಕೈಗೆ ಸಿಗುವಂತಿದ್ದ ಉತ್ತರ ಆಶ್ ಜಾನ್ಸನ್: ಎತ್ತರವಿದೆ, ಅದೇ ಜಾಗದಲ್ಲಿ ಆಡಿದ ಅಭ್ಯಾಸವಿದೆ, ಗೋಲು ಹೊಡೆಯುವುದೇ ಅವರ ಕೆಲಸ. ಕೋಚ್ ಕ್ರೇಗ್ ಮೆಕ್‌ರೇ ಆರಿಸಿದ್ದು ಬಿಲ್ಲಿ ಫ್ರ್ಯಾಂಪ್ಟನ್ ಅವರನ್ನು. ಹಿಂದಿನ ವರ್ಷದ ಕೊನೆಗೆ ಅಡಿಲೇಡ್‌ನಿಂದ ಬಂದಿದ್ದ ಫ್ರ್ಯಾಂಪ್ಟನ್ ಆ ಋತುವಿನಲ್ಲಿ ಹೆಚ್ಚಾಗಿ ಆಡಿದ್ದು ಹಿಂದಿನ ಸಾಲಿನಲ್ಲಿ, ಡಿಫೆಂಡರ್ ಆಗಿ. ವರ್ಷದ ಅತಿದೊಡ್ಡ ಪಂದ್ಯಕ್ಕೆ ಒಬ್ಬ ಡಿಫೆಂಡರನನ್ನು ಗೋಲಿನ ಮುಂದೆ ನಿಲ್ಲಿಸುವುದು ಮೇಲ್ನೋಟಕ್ಕೆ ವಿಚಿತ್ರವೇ. ಆದರೆ ಅದು ಸರಿಯಾದ ಆಯ್ಕೆ ಎನ್ನುವುದು ನನ್ನ ವಾದ. ಕಾಲಿಂಗ್‌ವುಡ್ ಗೆದ್ದಿತು ಎಂಬ ಕಾರಣಕ್ಕೆ ನಾನು ಹಾಗೆ ಹೇಳುತ್ತಿಲ್ಲ.

ಈ ಆಟದ ಪರಿಚಯ ಕಡಿಮೆ ಇರುವವರಿಗಾಗಿ ಎರಡು ಮಾತು. ಎರಡೂ ಕಡೆ ಹದಿನೆಂಟು ಹದಿನೆಂಟು ಜನ, ಅಂಡಾಕಾರದ ಮೈದಾನ, ಅಂಡಾಕಾರದ ಚೆಂಡು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಗಿಡ್ಡ ಕಂಬದ ಕಡೆ ಸರಿದರೆ ಬಿಹೈಂಡ್, ಒಂದೇ ಅಂಕ. ಕನಿಷ್ಠ ಹದಿನೈದು ಮೀಟರ್ ದೂರದಿಂದ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ಮಾರ್ಕ್. ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಆ ಹಕ್ಕು ಫಾರ್ವರ್ಡ್‌ಗೆ ಸಿಕ್ಕರೆ ಗೋಲಿನ ಅವಕಾಶ. ಎದುರಾಳಿ ಡಿಫೆಂಡರ್‌ಗೆ ಸಿಕ್ಕರೆ ಅಷ್ಟೂ ಹೊತ್ತು ದುಡಿದು ಮುಂದೆ ತಂದ ಚೆಂಡು ಆ ಕ್ಷಣದಲ್ಲೇ ತಿರುಗಿ ನಮ್ಮ ಗೋಲಿನ ಕಡೆ ಹೊರಡುತ್ತದೆ. ಇಂದಿನ ಆಟದ ಬಹುಪಾಲು ಲೆಕ್ಕಾಚಾರ ನಿಂತಿರುವುದು ಈ ಎರಡನೆಯ ಸಾಧ್ಯತೆಯ ಮೇಲೆ. ಎತ್ತರದ ಫಾರ್ವರ್ಡನ ಆಯ್ಕೆಯ ಚರ್ಚೆಯಲ್ಲಿ ನಾವು ಮರೆಯುವುದೂ ಅದನ್ನೇ.

ಮರೆಯುವುದಕ್ಕೆ ಕಾರಣ ಇತಿಹಾಸದ ಭಾರ. ಬಾಬ್ ಪ್ರ್ಯಾಟ್ 1934ರಲ್ಲಿ, ಪೀಟರ್ ಹಡ್ಸನ್ 1971ರಲ್ಲಿ ಒಂದೊಂದೇ ಋತುವಿನಲ್ಲಿ 150 ಗೋಲು ಹೊಡೆದರು. ಟೋನಿ ಲಾಕೆಟ್ ಅವರ ಒಟ್ಟು 1,360 ಗೋಲುಗಳ ದಾಖಲೆಯನ್ನು ಈವರೆಗೆ ಯಾರೂ ದಾಟಿಲ್ಲ. ಇಂಥವರನ್ನು ನೋಡಿ ಬೆಳೆದ ಪ್ರೇಕ್ಷಕ ಫಾರ್ವರ್ಡನನ್ನು ಗೋಲಿನಿಂದಲೇ ಅಳೆಯುವುದು ಸಹಜ. ಆದರೆ ಒಂದೇ ಋತುವಿನಲ್ಲಿ ನೂರು ಗೋಲು ದಾಟಿದ ಕೊನೆಯ ಆಟಗಾರ 2008ರ ಲ್ಯಾನ್ಸ್ ಫ್ರ್ಯಾಂಕ್ಲಿನ್. ಚಾರ್ಲಿ ಕರ್ನೋ 2022ರಲ್ಲಿ ಅತಿಹೆಚ್ಚು ಗೋಲಿನ ಕೋಲ್ಮನ್ ಪದಕ ಗೆದ್ದದ್ದು 64 ಗೋಲುಗಳಿಗೆ. ಈಗಿನವರಿಗೆ ಹಿಂದಿನವರ ಸಾಮರ್ಥ್ಯವಿಲ್ಲವೆಂದಲ್ಲ. ಆಗ ಫಾರ್ವರ್ಡನ ಎದುರು ಒಬ್ಬ ಡಿಫೆಂಡರ್ ಇದ್ದ. ಈಗ ಮಧ್ಯಮೈದಾನದಿಂದ ಓಡಿ ಬಂದವರೂ ಸೇರಿ ಐದಾರು ಜನ ಇರುತ್ತಾರೆ. ಆ ಗುಂಪಿನ ನಡುವೆ ಎಲ್ಲರಿಗಿಂತ ಅಪಾಯಕಾರಿ, ತನ್ನ ಫಾರ್ವರ್ಡನನ್ನು ಬಿಟ್ಟು ಚೆಂಡು ಬೀಳುವ ಜಾಗವನ್ನು ಮೊದಲೇ ಗ್ರಹಿಸಿ ಹಾರಿ ಹಿಡಿಯುವ ಎತ್ತರದ ಡಿಫೆಂಡರ್.

ಬ್ರಿಸ್ಬೇನ್‌ನಲ್ಲಿ ಆ ಡಿಫೆಂಡರ್ ಹ್ಯಾರಿಸ್ ಆಂಡ್ರೂಸ್: ಎರಡು ಮೀಟರ್ ದಾಟಿದ ಎತ್ತರ, 2019 ಮತ್ತು 2020ರಲ್ಲಿ ಋತುವಿನ ಶ್ರೇಷ್ಠ ಆಟಗಾರರ ಆಲ್ ಆಸ್ಟ್ರೇಲಿಯನ್ ತಂಡದಲ್ಲಿ ಸ್ಥಾನ, 2023ರಲ್ಲಿ ಸಹನಾಯಕ. ಲಯನ್ಸ್‌ನ ಹಿಂದಿನ ಸಾಲು ನಿಂತದ್ದೇ ಇವರ ಮೇಲೆ. ಇಂಥ ಆಟಗಾರ ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು. ದೂರದಿಂದ ಚೆಂಡು ಮೇಲಕ್ಕೆ ಹೋಗುತ್ತದೆ. ಆಂಡ್ರೂಸ್ ಚೆಂಡನ್ನೇ ನೋಡುತ್ತ ಪಕ್ಕಕ್ಕೆ ಸರಿಯುತ್ತಾರೆ, ಮೂರು ನಾಲ್ಕು ಹೆಜ್ಜೆ ಓಡುತ್ತಾರೆ, ಹಾರುತ್ತಾರೆ. ಹಾರಿದ ಮೇಲೆ ಅವರನ್ನು ತಡೆಯುವುದು ಬಹುತೇಕ ಅಸಾಧ್ಯ. ತಡೆಯಬೇಕಾದದ್ದು ಆ ಮೂರು ಹೆಜ್ಜೆಗಳನ್ನು. ಅಲ್ಲಿ ಒಬ್ಬ ತನ್ನ ಸೊಂಟವನ್ನೋ ಭುಜವನ್ನೋ ಒಡ್ಡಿ ನಿಂತರೆ ಓಟ ಮುರಿಯುತ್ತದೆ, ಹಾರಾಟಕ್ಕೆ ವೇಗ ಸಿಗುವುದಿಲ್ಲ, ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬೀಳುತ್ತದೆ. ಇದು ಬರೀ ಒರಟುತನದಿಂದ ಆಗುವ ಕೆಲಸವಲ್ಲ. ಚೆಂಡಿನ ಮೇಲೆ ಕಣ್ಣಿಡದೆ ಅಡ್ಡ ನಿಂತರೆ ಅಂಪೈರ್ ಫ್ರೀ ಕಿಕ್ ಕೊಡುತ್ತಾರೆ. ತೋಳಿಗೆ ಹೊಡೆದರೂ ಅಷ್ಟೇ. ಕಣ್ಣು ಚೆಂಡಿನ ಮೇಲಿರಬೇಕು, ಮೈ ಎದುರಾಳಿಯ ದಾರಿಯಲ್ಲಿರಬೇಕು. ವರ್ಷದ ಬಹುಪಾಲು ಹಿಂದಿನ ಸಾಲಿನಲ್ಲಿ ಆಡಿದ ಫ್ರ್ಯಾಂಪ್ಟನ್‌ಗೆ ಡಿಫೆಂಡರ್ ಯಾವ ಹೆಜ್ಜೆ ಯಾವಾಗ ಇಡುತ್ತಾನೆ ಎಂಬುದು ಸ್ವಂತ ಅಭ್ಯಾಸದಿಂದಲೇ ಗೊತ್ತು. ಜಾನ್ಸನ್ ಅವರ ಸ್ವಭಾವ ಬೇರೆ. ಅವರು ತಾವೇ ಹಾರಿ ಹಿಡಿಯಲು ನೋಡುವವರು. ಅವರು ಹಾರಿದರೆ ಆಂಡ್ರೂಸ್ ಕೂಡ ಹಾರುತ್ತಾರೆ, ಮತ್ತು ಆ ಪೈಪೋಟಿಯಲ್ಲಿ ಹೆಚ್ಚು ಸಲ ಗೆಲ್ಲುವವರು ಆಂಡ್ರೂಸ್.

ನೆಲಕ್ಕೆ ಬಿದ್ದ ಚೆಂಡಿನಿಂದ ಕಾಲಿಂಗ್‌ವುಡ್‌ಗೆ ಏನು ಲಾಭ? ಆಯ್ಕೆ ಅಡಗಿರುವುದು ಇಲ್ಲೇ. ನೆಲದ ಚೆಂಡಿಗೆ ಮುಗಿಬೀಳುವ ಬಾಬಿ ಹಿಲ್ ಥರದ ಚುರುಕಿನ, ಗಿಡ್ಡ ಫಾರ್ವರ್ಡ್‌ಗಳು ಆ ತಂಡದಲ್ಲಿ ಇದ್ದರು. ಹಿಲ್ ಗ್ರ್ಯಾಂಡ್ ಫೈನಲ್‌ನಲ್ಲಿ ನಾಲ್ಕು ಗೋಲು ಹೊಡೆದು, ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ನಾರ್ಮ್ ಸ್ಮಿತ್ ಪದಕ ಗೆದ್ದರು. ಬ್ರಿಸ್ಬೇನ್‌ನ ಸ್ಟಾರ್ಸೆವಿಚ್ ಅವರ ಹೆಗಲ ಮೇಲೇರಿ ಹಿಲ್ ಹಿಡಿದ ಮಾರ್ಕ್ ಆ ದಿನದ ಚಿತ್ರವಾಗಿ ಉಳಿದಿದೆ. ಕಾಲಿಂಗ್‌ವುಡ್ 12 ಗೋಲು 18 ಬಿಹೈಂಡ್, 90 ಅಂಕ. ಬ್ರಿಸ್ಬೇನ್ 13 ಗೋಲು 8 ಬಿಹೈಂಡ್, 86. ಗೋಲು ಹೊಡೆದವರ ಪಟ್ಟಿಯಲ್ಲಿ ಫ್ರ್ಯಾಂಪ್ಟನ್ ಹೆಸರಿಲ್ಲ. ಆದರೆ ಒಂದು ತಂಡ 30 ಸಲ ಅಂಕ ಗಳಿಸಿತು, ಇನ್ನೊಂದು 21 ಸಲ. ಗುರಿ ತಪ್ಪಿದ್ದು ಒದ್ದವರ ಕಾಲಿಗೆ ಸಂಬಂಧಿಸಿದ ಮಾತು. ಅಷ್ಟು ಸಲ ಗೋಲಿನ ಹತ್ತಿರ ಸುಳಿದಾಡಿದ ಚೆಂಡನ್ನು ಒಬ್ಬನೇ ಡಿಫೆಂಡರ್ ಬಂದಂತೆಲ್ಲ ಹಿಡಿದು ಹಿಂದಕ್ಕೆ ಕಳಿಸಲಿಲ್ಲ ಎಂಬುದು ಆಯ್ಕೆಗೆ ಸಂಬಂಧಿಸಿದ ಮಾತು.

ಇದಕ್ಕೆ ಮೊದಲ ಆಕ್ಷೇಪ ಸಲೀಸಾದದ್ದು: ನಾಲ್ಕೇ ಅಂಕದ ಗೆಲುವು, ಕೊನೆಯಲ್ಲಿ ಒಂದು ಚೆಂಡು ಬೇರೆ ಕಡೆ ಪುಟಿದಿದ್ದರೆ ಇದೇ ಆಯ್ಕೆಯನ್ನು ಎಲ್ಲರೂ ಜರೆಯುತ್ತಿದ್ದರು. ನಿಜ, ಜರೆಯುತ್ತಿದ್ದರು. ಆದರೂ ಅದು ಸರಿಯಾದ ಆಯ್ಕೆಯೇ ಆಗಿರುತ್ತಿತ್ತು. ನಿರ್ಧಾರವನ್ನು ಅಳೆಯಬೇಕಾದದ್ದು ಅದನ್ನು ಮಾಡಿದ ಹೊತ್ತಿಗೆ ಗೊತ್ತಿದ್ದ ಸಂಗತಿಗಳಿಂದ. ಗುರುವಾರ ಹೆಸರು ಬರೆಯುವಾಗ ಗೊತ್ತಿದ್ದದ್ದು ಇಷ್ಟು: ಎದುರಾಳಿಯ ಬಲ ಒಬ್ಬ ಡಿಫೆಂಡರನ ಹಾರಾಟದಲ್ಲಿದೆ, ನಮ್ಮ ಬಲ ನೆಲದ ಚೆಂಡಿನಲ್ಲಿದೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಕಾಲಿಂಗ್‌ವುಡ್‌ನ ಮುಂದಿನ ಸಾಲಿನಲ್ಲಿ ಆಗಲೇ 211 ಸೆಂಟಿಮೀಟರ್ ಎತ್ತರದ ಮೇಸನ್ ಕಾಕ್ಸ್, ಜೊತೆಗೆ ಬ್ರೋಡಿ ಮಿಹೋಸೆಕ್ ಇದ್ದರು. ಮತ್ತೊಬ್ಬ ಎತ್ತರದವನೇಕೆ, ಓಡುವವನೊಬ್ಬನನ್ನು ಸೇರಿಸಬಹುದಿತ್ತಲ್ಲ? ಒಬ್ಬನೇ ಎತ್ತರದ ಫಾರ್ವರ್ಡ್‌ನೊಡನೆ ಗೆದ್ದ ಉದಾಹರಣೆಯೂ ಇದೆ. 2017ರಲ್ಲಿ ರಿಚ್ಮಂಡ್ ಮುಂದಿನ ಸಾಲಿನಲ್ಲಿ ಜ್ಯಾಕ್ ರೀವೋಲ್ಟ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಚಿಕ್ಕವರು. ಆ ತಂಡ 37 ವರ್ಷಗಳ ಬಳಿಕ ಪ್ರಶಸ್ತಿ ಗೆದ್ದಿತು. ಆದರೆ ಆ ಉದಾಹರಣೆ ನನ್ನ ವಾದವನ್ನೇ ಬಲಪಡಿಸುತ್ತದೆ. ಹಿಂದೆ ಕೋಲ್ಮನ್ ಪದಕ ಗೆದ್ದಿದ್ದ ರೀವೋಲ್ಟ್ ಆ ವರ್ಷ ಎರಡು ಮೂರು ಡಿಫೆಂಡರುಗಳನ್ನು ತಮ್ಮ ಮೇಲೆ ಎಳೆದುಕೊಂಡು ಚೆಂಡನ್ನು ಚಿಕ್ಕವರ ಕಾಲಬುಡಕ್ಕೆ ಬೀಳಿಸುವ ಕೆಲಸ ಒಪ್ಪಿಕೊಂಡರು. ಕಾಕ್ಸ್‌ಗೆ ಅದು ಪೂರ್ತಿಯಾಗಿ ಆಗದು, ಏಕೆಂದರೆ ಅವರು ಆಗಾಗ ರಕ್ ಆಗಿ, ಅಂದರೆ ಅಂಪೈರ್ ಎಸೆದ ಚೆಂಡಿಗೆ ಹಾರಿ ಪೈಪೋಟಿ ಮಾಡುವವರಾಗಿ, ಚೆಂಡೆಸೆತದ ಜಾಗಕ್ಕೆ ಹೋಗಬೇಕು. ಅವರು ಅತ್ತ ಹೋದಾಗಲೆಲ್ಲ ಆಂಡ್ರೂಸ್ ಸ್ವತಂತ್ರ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಆಕ್ಷೇಪ. ಅಂಕಿಯಲ್ಲಿ ಕಾಣದ ಕೆಲಸ ಎಂದು ಹೊಗಳುತ್ತ ಹೋದರೆ ಗೋಲು ಹೊಡೆಯಲಾರದ ಯಾರನ್ನಾದರೂ ಸಮರ್ಥಿಸಬಹುದಲ್ಲವೇ? ಸಮರ್ಥಿಸಬಹುದು, ಅದು ಅಪಾಯವೂ ಹೌದು. ಗೋಲೇ ತಂಡದ ಕೊರತೆಯಾಗಿದ್ದಾಗ ಈ ವಾದ ನಿಲ್ಲುವುದಿಲ್ಲ. 2021ರ ಮೆಲ್ಬರ್ನ್ ತಂಡವನ್ನು ನೋಡಿ. ಎತ್ತರದ ಫಾರ್ವರ್ಡ್ ಜಾಗಕ್ಕೆ ಬೆನ್ ಬ್ರೌನ್ ಅಥವಾ ಸ್ಯಾಮ್ ವೈಡ್‌ಮನ್ ಎಂಬ ಚರ್ಚೆ ಅಲ್ಲಿ ತಿಂಗಳುಗಟ್ಟಲೆ ನಡೆಯಿತು. ನಾರ್ತ್ ಮೆಲ್ಬರ್ನ್‌ಗೆ ಸತತ ಮೂರು ವರ್ಷ ಅರವತ್ತಕ್ಕೂ ಹೆಚ್ಚು ಗೋಲು ಹೊಡೆದು ಬಂದಿದ್ದ ಬ್ರೌನ್ ಋತುವಿನ ನಡುವೆ ಹೊರಬಿದ್ದರು, ವೈಡ್‌ಮನ್‌ಗೆ ಕೆಲವು ವಾರ ಅವಕಾಶ ಸಿಕ್ಕಿತು, ಕೊನೆಗೆ ಬ್ರೌನ್ ಮರಳಿ ಬಂದರು. ಓಲಿವರ್, ಪೆಟ್ರಾಕಾ ಅವರಂಥವರು ಮಧ್ಯಮೈದಾನದಿಂದ ಚೆಂಡನ್ನು ಬಿಡುವಿಲ್ಲದೆ ಮುಂದೆ ಕಳಿಸುತ್ತಿದ್ದ ತಂಡಕ್ಕೆ ಬೇಕಿದ್ದದ್ದು ಅದನ್ನು ಗೋಲಾಗಿಸುವವನು. ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರೌನ್ ಮೂರು ಗೋಲು ಹೊಡೆದರು, ಮೆಲ್ಬರ್ನ್ 74 ಅಂಕಗಳಿಂದ ಗೆದ್ದಿತು. ಅದೇ ಮೆಲ್ಬರ್ನ್ 2023ರ ಕ್ವಾಲಿಫೈಯಿಂಗ್ ಫೈನಲ್‌ನಲ್ಲಿ ಇದೇ ಕಾಲಿಂಗ್‌ವುಡ್ ಎದುರು ಗೋಲಿನ ಐವತ್ತು ಮೀಟರ್ ಒಳಕ್ಕೆ 69 ಸಲ ಚೆಂಡು ಕಳಿಸಿ ಹೊಡೆದದ್ದು ಏಳು ಗೋಲು. ಕಾಲಿಂಗ್‌ವುಡ್ 37 ಸಲ ಕಳಿಸಿ ಒಂಬತ್ತು ಹೊಡೆದು ಏಳು ಅಂಕಗಳಿಂದ ಗೆದ್ದಿತು. ಎತ್ತರದ ಫಾರ್ವರ್ಡ್ ಹ್ಯಾರಿಸನ್ ಪೆಟ್ಟಿ ಗಾಯಗೊಂಡು ಹೊರಗಿದ್ದ ಮೆಲ್ಬರ್ನ್‌ನ ಮುಂದಿನ ಸಾಲಿನಲ್ಲಿ ಮೇಲೆ ಹಿಡಿಯುವ ಬಲವೂ ಸಾಲಲಿಲ್ಲ, ಕೆಳಗೆ ಬಿದ್ದದ್ದನ್ನು ಬಾಚುವ ವ್ಯವಸ್ಥೆಯೂ ಕೂಡಿಬರಲಿಲ್ಲ. ಆ ತಂಡಕ್ಕೆ ಫ್ರ್ಯಾಂಪ್ಟನ್ ಥರದವರನ್ನು ಸೇರಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ.

ಹಾಗಾಗಿ ಜಾನ್ಸನ್ ಉತ್ತಮ ಫಾರ್ವರ್ಡೋ ಫ್ರ್ಯಾಂಪ್ಟನ್ ಉತ್ತಮ ಫಾರ್ವರ್ಡೋ ಎಂಬ ಪ್ರಶ್ನೆಗೆ ನಾನು ಜಾನ್ಸನ್ ಎಂದೇ ಉತ್ತರಿಸುತ್ತೇನೆ, ಆ ಶನಿವಾರದ ಜಾಗವನ್ನು ಮಾತ್ರ ಫ್ರ್ಯಾಂಪ್ಟನ್‌ಗೆ ಕೊಡುತ್ತೇನೆ. ಇದರಲ್ಲಿ ಜಾನ್ಸನ್‌ಗೆ ನೋವಿದೆ; ಅದನ್ನು ಹಗುರವಾಗಿ ಕಾಣಬಾರದು. ಆಟಗಾರನೊಬ್ಬ ತನ್ನ ಜಾಗದಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಆ ಜಾಗ ಬೇರೆ ಸಾಲಿನವನ ಪಾಲಾಗುವುದನ್ನು ನೋಡುವುದು ಕಷ್ಟವೇ. ಕೋಚ್ ಇದನ್ನು ಅವನಿಗೆ ನೇರವಾಗಿ, ಕಾರಣ ಸಮೇತ ಹೇಳಬೇಕು. ಫ್ರ್ಯಾಂಪ್ಟನ್‌ಗೂ ಆ ಪಂದ್ಯ ಫಾರ್ವರ್ಡ್ ಎಂಬ ಶಾಶ್ವತ ಹಕ್ಕನ್ನೇನೂ ಕೊಡಲಿಲ್ಲ. ಮುಂದಿನ ಋತುವಿಗೆ ಮುನ್ನವೇ ಮೆಕ್‌ಸ್ಟೇ ಮತ್ತೆ ಮಂಡಿಯ ಗಾಯಕ್ಕೆ ತುತ್ತಾದರು. ಬಳಿಕ ತಲೆಪೆಟ್ಟಿನ ಕಾರಣಕ್ಕೆ ಡಿಫೆಂಡರ್ ನೇಥನ್ ಮರ್ಫಿ ಆಟವನ್ನೇ ಬಿಟ್ಟರು. 2024ರಲ್ಲಿ ಫ್ರ್ಯಾಂಪ್ಟನ್ ಹೆಚ್ಚಾಗಿ ಆಡಿದ್ದು ತಮ್ಮ ಹಳೆಯ ಹಿಂದಿನ ಸಾಲಿನಲ್ಲಿ, ತಂಡಕ್ಕೆ ಆಗ ಅವರ ಅಗತ್ಯವಿದ್ದದ್ದು ಅಲ್ಲಿ.